ಅಪ್ಪ ಹೇಳಿಕೊಟ್ಟ ಉಪಯೋಗಗಳು

ಅಪ್ಪ ಹೇಳಿಕೊಟ್ಟದ್ದನ್ನೇ ಹೇಳಿ ಚಿಮಟಿ ವೈವಾದಲ್ಲಿ ಫೇಲಾದಳು.

ಪುಸ್ತಕ ಓದಿರಲಿಲ್ಲವೆಂದಲ್ಲ. ಆಪರೇಷನ್ ಥಿಯೇಟರ್ ಟೆಕ್ನಿಷಿಯನ್ ಕೋರ್ಸಿನ ಆ ದಪ್ಪ ಪುಸ್ತಕವನ್ನು ಅವಳು ಬಸ್ಸಿನಲ್ಲಿ ಓದಿದ್ದಳು, ಬಚ್ಚಲಿನ ಬಾಗಿಲಲ್ಲಿ ಸರದಿ ಕಾಯುತ್ತ ಓದಿದ್ದಳು, ಒಲೆಯ ಮುಂದೆ ಹಾಲು ಉಕ್ಕದಂತೆ ಕಾಯುತ್ತ ಓದಿದ್ದಳು. ಹಾಲು ಉಕ್ಕಿಯೂ ಇತ್ತು. ಆದರೆ ಪರೀಕ್ಷೆಯ ಕೋಣೆಯಲ್ಲಿ ಹಸಿರು ಬಟ್ಟೆಯ ಮೇಲೆ ಸಾಲಾಗಿ ಮಲಗಿಸಿದ್ದ ಉಪಕರಣಗಳನ್ನು ಕಂಡದ್ದೇ ತಡ, ಪುಸ್ತಕವೆಲ್ಲ ತಲೆಯಿಂದ ಜಾರಿ ಎಲ್ಲಿಗೋ ಹೋಯಿತು. ಹೆದರಿಕೆಯಾದಾಗ ಮನುಷ್ಯನ ಬಾಯಿಗೆ ಮೊದಲು ಬರುವುದು ಹಾಲುಹಲ್ಲು ಬೀಳುವ ಕಾಲದಲ್ಲಿ ಕಲಿತದ್ದೇ. ಆ ಕಾಲದಲ್ಲಿ ಚಿಮಟಿ ಅಪ್ಪನ ವರ್ಕ್‌ಶಾಪಿನ ಮೇಜಿನ ಕೆಳಗೆ ಕೂತು, ರಿಪೇರಿಗೆ ಬಂದ ಕತ್ತರಿ ಇಕ್ಕಳಗಳನ್ನೇ ಗೊಂಬೆ ಮಾಡಿಕೊಂಡು ಆಡುತ್ತಿದ್ದಳು.

ಪರೀಕ್ಷೆ ಮಾಡಲು ಕೂತಿದ್ದವರು ಥಿಯೇಟರಿನ ದೊಡ್ಡ ಸಿಸ್ಟರ್. ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಅದನ್ನೇ ಮೇಜಿನ ಮೇಲೆ ತಡಕುವ ಹೆಂಗಸು. ಅವರು ಮೊದಲು ಎತ್ತಿ ತೋರಿಸಿದ್ದು ಉದ್ದ ಕಾಲಿನ, ತುದಿಯಲ್ಲಿ ಎರಡು ಮೊಟ್ಟೆಯಾಕಾರದ ಬಳೆಗಳಿದ್ದ ಇಕ್ಕಳ.

"ಸ್ಪಂಜ್ ಹೋಲ್ಡರ್," ಎಂದಳು ಚಿಮಟಿ, ಥಟ್ಟನೆ.

"ಗುಡ್. ಉಪಯೋಗ?"

"ಟಾನ್ಸಿಲ್ ಹಿಡಿದು ಕೀಳೋದಕ್ಕೆ."

ಸಿಸ್ಟರ್ ಒಮ್ಮೆ ಇಕ್ಕಳವನ್ನೂ ಒಮ್ಮೆ ಅವಳನ್ನೂ ನೋಡಿದರು. "ಹೆಸರಲ್ಲೇ ಸ್ಪಂಜ್ ಇದೆಯಲ್ಲಮ್ಮ! ಔಷಧಿಯಲ್ಲಿ ಅದ್ದಿದ ಹತ್ತಿ ಹಿಡಿದು ಚರ್ಮ ಒರೆಸೋದಲ್ವಾ? ಹೋಗಲಿ, ಇದು?"

ಇದಕ್ಕೆ ಎರಡು ತೋಳು, ತೋಳಿನ ತುದಿಗೆ ಕುಂಟೆಯಂಥ ಹಲ್ಲು. ಗಾಯದ ಎರಡು ಅಂಚನ್ನು ಅಗಲಿಸಿ, ತಾನೇ ಹಿಡಿದು ನಿಲ್ಲುವ ರಿಟ್ರ್ಯಾಕ್ಟರ್. ಹೆಸರನ್ನು ಸರಿಯಾಗಿಯೇ ಹೇಳಿದಳು. ಉಪಯೋಗಕ್ಕೆ ಬಂದಾಗ ನಾಲಿಗೆ ತನ್ನಷ್ಟಕ್ಕೆ ತಾನೇ ಹೊರಳಿತು: "ನರಗಳು ಸಿಕ್ಕಾದರೆ ಬಾಚಿ ಬಿಡಿಸೋದಕ್ಕೆ."

"ಏನಂದೆ?"

"ಬಾಚಣಿಗೆ ಥರ, ಮೇಡಂ."

ದೊಡ್ಡ ಸಿಸ್ಟರ್ ನಗಲಿಲ್ಲ, ಅದೇ ಕಷ್ಟವಾದದ್ದು. ಟವೆಲ್ ಕ್ಲಿಪ್ ಎತ್ತಿದರು. ಏಡಿಯ ಕೊಂಡಿಯಂತೆ ಎರಡು ಮೊನೆ ಬಂದು ಕೂಡುವ ಪುಟ್ಟ ಉಪಕರಣ; ಆಪರೇಷನ್ ನಡೆಯುವಾಗ ರೋಗಿಯ ಮೇಲೆ ಹೊದಿಸಿದ ಬಟ್ಟೆ ಸರಿಯದಂತೆ ಕಚ್ಚಿಡುವುದು ಅದರ ಕೆಲಸ. ಕಿತ್ತುಹೋದ ಕಿವಿಯನ್ನು ಹೊಲಿಯುವ ತನಕ ಜಾಗದಲ್ಲಿ ಹಿಡಿದಿಡಲು ಎಂದು ಚಿಮಟಿ ವಿವರಿಸಿದಳು. ಹೇಳುತ್ತಿರುವಾಗಲೇ ತಪ್ಪೆಂದು ಗೊತ್ತು, ಆದರೆ ಇಳಿಜಾರಿನಲ್ಲಿ ಬ್ರೇಕು ತಪ್ಪಿದ ಸೈಕಲ್ಲಿನ ಹಾಗೆ ಮಾತು ಕೆಳಕ್ಕೆ ಹೋಗುತ್ತಲೇ ಇತ್ತು.

"ಎಲ್ಲದರ ಹೆಸರೂ ಸರಿ, ಎಲ್ಲದರ ಉಪಯೋಗವೂ ತಪ್ಪು," ಎಂದರು ಸಿಸ್ಟರ್ ಕೊನೆಗೆ, ಬೈಯುವುದಕ್ಕಿಂತ ಬೆರಗಾಗಿ. "ನನ್ನ ಸರ್ವಿಸಿನಲ್ಲೇ ಇಂಥದ್ದು ನೋಡಿಲ್ಲ. ಇನ್ನೊಂದು ಅವಕಾಶ ಇದೆ, ತಿಂಗಳು ಬಿಟ್ಟು ಬಾ. ಆಗಲೂ ಹೀಗೇ ಆದರೆ ಕೋರ್ಸಿನಿಂದ ತೆಗೀತಾರೆ, ನಾನೇನೂ ಮಾಡೋಕಾಗಲ್ಲ. ಇದನ್ನೆಲ್ಲ ನಿನಗೆ ಯಾರು ಹೇಳಿಕೊಟ್ಟರು?"

ಚಿಮಟಿ ಹಸಿರು ಬಟ್ಟೆಯ ನೂಲು ಎಳೆಯುತ್ತ ನಿಂತಳು.

ಚಿಮಟಿ ಎಂಬುದು ಅವಳ ನಿಜವಾದ ಹೆಸರಲ್ಲ. ಹುಟ್ಟಿದ ದಿನ ಅಪ್ಪ ಬಗ್ಗಿ ನೋಡಿದಾಗ ಅವನ ಬೆರಳನ್ನು ಹಿಡಿದವಳು ಬಿಡಲೇ ಇಲ್ಲವಂತೆ. "ಎಂಥ ಹಿಡಿತ! ಫಸ್ಟ್ ಕ್ಲಾಸ್ ಚಿಮಟ," ಎಂದನಂತೆ ಅವನು. ಶಾಲೆಯ ಹಾಜರಿಯಲ್ಲಿ ಬೇರೇನೋ ಇತ್ತು, ಆದರೆ ಮನೆಯಲ್ಲಿ ಆ ಹೆಸರು ಕೂಗಿದರೆ ಅವಳು ತಿರುಗಿಯೂ ನೋಡುತ್ತಿರಲಿಲ್ಲ.

ಮನೆಯ ಮುಂದಿನ ಕೋಣೆಯೇ ವರ್ಕ್‌ಶಾಪು. ಎಡಕ್ಕೆ ಸೈಕಲ್ ರಿಪೇರಿ, ಬಲಕ್ಕೆ ಝೆರಾಕ್ಸ್ ಅಂಗಡಿ. ಅಪ್ಪ ಮೊದಲು ದರ್ಜಿಗಳ ಕತ್ತರಿಗೆ ಸಾಣೆ ಹಿಡಿಯುತ್ತಿದ್ದವನು. ಯಾವುದೋ ನರ್ಸಿಂಗ್ ಹೋಮಿನ ಮೊಂಡು ಕತ್ತರಿಯೊಂದು ದಾರಿ ತಪ್ಪಿ ಅವನ ಕೈಗೆ ಬಂದು, ಅಲ್ಲಿಂದ ಮುಂದೆ ಆಸ್ಪತ್ರೆಗಳ ಪೆಟ್ಟಿಗೆಗಳೇ ಬರತೊಡಗಿದವು. ಕೈ ಅಪ್ಪಟ. ಕತ್ತರಿಯನ್ನು ಒದ್ದೆ ಹತ್ತಿಯ ಮೇಲೆ ಆಡಿಸಿ, ತುದಿಯವರೆಗೂ ಎಳೆಯದೆ ಕತ್ತರಿಸಿದರೆ ಮಾತ್ರ ಪಾಸು. ಇಕ್ಕಳದ ಹಲ್ಲು ಕೂಡಿಸಿ ಕಚಕ್ಕನೆ ಲಾಕು ಮಾಡಿ ಮೇಜಿಗೆ ಕುಟ್ಟುತ್ತಿದ್ದ; ಲಾಕು ಬಿಚ್ಚಿಕೊಂಡರೆ ಅದು ಮತ್ತೆ ಸಾಣೆಗೆ. ಸೂಜಿ ಹಿಡಿಯುವ ನೀಡಲ್ ಹೋಲ್ಡರಿಗೆ ತನ್ನ ಎಡಗೈಯ ಕೂದಲೇ ಪರೀಕ್ಷೆ: ಒಂದೇ ಒಂದು ಕೂದಲನ್ನು ಜಾರದೆ ಹಿಡಿಯಬೇಕು. ಹೀಗಾಗಿ ಅಪ್ಪನ ಎಡಗೈಯ ಮೇಲೆ ಅಂಗೈಯಗಲ ಜಾಗ ಸದಾ ಬೋಳು. ಮಿಕ್ಕ ಮೈಯೆಲ್ಲ ಕರಡಿ.

ಉಪಕರಣದ ಕಾಯಿಲೆ ಅವನಿಗೆ ಗೊತ್ತಿತ್ತು. ಅದು ಯಾರ ಮೈಯಲ್ಲಿ ಏನು ಮಾಡುತ್ತದೆಂಬುದು ಮಾತ್ರ ಗೊತ್ತಿರಲಿಲ್ಲ. ಗೊತ್ತಿಲ್ಲವೆಂಬುದೂ ಗೊತ್ತಿರಲಿಲ್ಲ.

"ಅದರ ಮುಖ ನೋಡು ಸಾಕು, ಯಾತಕ್ಕೆ ಹುಟ್ಟಿದೆ ಅಂತ ಅದೇ ಹೇಳುತ್ತೆ," ಎನ್ನುತ್ತಿದ್ದ ಅಪ್ಪ, ಪುಟ್ಟ ಚಿಮಟಿ ಮೇಜಿನ ಕೆಳಗಿಂದ ಒಂದೊಂದನ್ನೇ ಎತ್ತಿ ತೋರಿಸಿ ಇದು ಯಾತಕ್ಕೆ, ಇದು ಯಾತಕ್ಕೆ ಎಂದು ಪ್ರಾಣ ತಿನ್ನುವಾಗ. ಬಳೆಯಿದ್ದರೆ ಗುಂಡಗಿನದೇನೋ ಹಿಡಿಯಲು. ಬಾಯೊಳಗೆ ಗುಂಡಗಿನದು ಯಾವುದು, ಟಾನ್ಸಿಲ್. ಹಲ್ಲಿದ್ದರೆ ಬಾಚಲು, ಮೈಯೊಳಗೆ ಉದ್ದಕ್ಕಿರುವುದು ಯಾವುದು, ನರ. ತರ್ಕದಲ್ಲಿ ಕೊರತೆ ಇರಲಿಲ್ಲ. ಮಗು ಕೇಳುವುದು, ಅಪ್ಪ ಅರ ಉಜ್ಜುವುದನ್ನು ನಿಲ್ಲಿಸಿ ಆಲೋಚಿಸುವುದು, ಆಮೇಲೆ ಉತ್ತರ ಹೊರಡುವುದು: ಇಬ್ಬರಿಗೂ ಅದಕ್ಕಿಂತ ಸುಖದ ಕೆಲಸ ಬೇರೆ ಇರಲಿಲ್ಲ.

"ನಿಮ್ಮಪ್ಪ ಆಪರೇಷನ್ ಥಿಯೇಟರ್ ಒಳಗೆ ಹೋಗಿದ್ದು ಜನ್ಮದಲ್ಲಿ ಒಂದೇ ಸಲ, ಅದೂ ಮಲಕ್ಕೊಂಡು," ಎಂದು ಅಮ್ಮ ಪಾಲಿಷ್ ಚಕ್ರದ ಹಿಂದಿನಿಂದ ಚುಚ್ಚುತ್ತಿದ್ದಳು. ಅಪ್ಪ ಸಾಣೆ ಹಿಡಿದದ್ದಕ್ಕೆ ಹೊಳಪು ಕೊಡುವುದು ಅವಳ ಪಾಲಿನ ಕೆಲಸ. ಮಾತಿಗೆ ಮಾತು ಕೊಡುವುದೂ ಅವಳದೇ.

"ಹರ್ನಿಯಾ ಆಪರೇಷನ್ ಅದು. ನಾನು ಅರ್ಧ ಎಚ್ಚರ ಇದ್ದೆ ಕಣೇ. ಎಲ್ಲ ನೋಡಿದ್ದೀನಿ."

"ಹಾಗಾದ್ರೆ ಆ ಗೊರಕೆ ಡಾಕ್ಟರ್ದಾ? ಹೊರಗೆ ಬೆಂಚಿನ ಮೇಲೆ ನನಗೆ ಕೇಳ್ತಿತ್ತು."

ಫೇಲಾದ ದಿನ ಚಿಮಟಿ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಹೇಳಿಬಿಟ್ಟಳು. "ಹೋಯ್ತು. ಹೆದರಿಕೆಯಲ್ಲಿ ಎಲ್ಲ ಮರೆತುಹೋಯ್ತು." ಅರ್ಧ ನಿಜ.

ಅಪ್ಪ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. "ಇಷ್ಟೇನಾ? ಮನೆಯಲ್ಲಿ ನಾನೊಬ್ಬ ಇದ್ದೀನಲ್ಲ! ಆ ಪುಸ್ತಕದವರನ್ನ ನೆಚ್ಚಿಕೊಂಡರೆ ಇನ್ನೇನಾಗುತ್ತೆ? ನಾಳೆಯಿಂದ ಸಾಯಂಕಾಲ ಅಂಗಡಿ ಬೇಗ ಮುಚ್ತೀನಿ. ಮೇಜಿನ ಮೇಲೆ ಎಲ್ಲ ಇಟ್ಟು ಒಂದೊಂದೇ ಮಾಡೋಣ. ನೀನು ಆಸ್ಪತ್ರೆಯನ್ನೇ ಅಲ್ಲಾಡಿಸಿಬಿಡಬೇಕು," ಎಂದ. ಅವನ ಮುಖದಲ್ಲಿ ಬೇಸರವೇ ಇರಲಿಲ್ಲ. ಮಗಳು ಫೇಲಾದದ್ದು ಅವನಿಗೆ ಎಲ್ಲೋ ಒಂದು ಕಡೆ ಹಬ್ಬದ ರಜೆ ಸಿಕ್ಕ ಹಾಗಾಗಿತ್ತು. ಎಷ್ಟು ವರ್ಷವಾಗಿತ್ತು ಅವಳು ಇದು ಯಾತಕ್ಕೆ ಎಂದು ಅವನನ್ನು ಕೇಳಿ.

ಮರುದಿನದಿಂದ ಪಾಠ ಶುರುವಾಯಿತು. ಸೂರ್ಯ ಇನ್ನೂ ಬೀದಿಯಲ್ಲಿರುವಾಗಲೇ ಅಪ್ಪ ಅರ್ಧ ಬಾಗಿಲು ಎಳೆಯುತ್ತಿದ್ದ. ಕತ್ತರಿ ತಂದ ದರ್ಜಿಯನ್ನು, "ನಾಳೆ ಬಾರಯ್ಯ, ಮಗಳ ಪರೀಕ್ಷೆ," ಎಂದು ತಿರುಗಿಸಿ ಕಳಿಸುತ್ತಿದ್ದ. ಮೇಜಿನ ಮೇಲಿನ ಕಬ್ಬಿಣದ ಹುಡಿ ಒರೆಸಿ, ಅಮ್ಮನ ಹಳೆಯ ಹಸಿರು ರವಿಕೆ ಬಟ್ಟೆ ಹಾಸುತ್ತಿದ್ದ. ದೊಡ್ಡ ಸಿಸ್ಟರ್ ಆಗಿ ಗಂಟಲು ಸರಿಮಾಡಿಕೊಳ್ಳುತ್ತಿದ್ದ.

"ಇದೇನು?"

"ಕಿಡ್ನಿ ಟ್ರೇ."

"ಉಪಯೋಗ?"

"ಕಿಡ್ನಿ ತೆಗೆದು ಇಡೋದಕ್ಕೆ."

"ಭೇಷ್! ಆಕಾರ ನೋಡಿದರೇ ಗೊತ್ತಾಗಲ್ವಾ? ಈ ಥರ ಬಾಯಿಪಾಠ ಇದ್ದೋಳು ಅಲ್ಲಿ ಹೋಗಿ ಹೆಂಗೆ ಮರೆತೆ?"

ಹೀಗೆ ಚಿಮಟಿ ಬಸ್ಸಿನಲ್ಲಿ ಒಂದು ವಿದ್ಯೆ, ಮನೆಯಲ್ಲಿ ಒಂದು ವಿದ್ಯೆ ಕಲಿಯತೊಡಗಿದಳು. ಬೆಳಿಗ್ಗೆ ಕಷ್ಟಪಟ್ಟು ಟಾನ್ಸಿಲನ್ನು ಸ್ಪಂಜ್ ಹೋಲ್ಡರಿನಿಂದ ಬಿಡಿಸಿದರೆ, ಸಾಯಂಕಾಲ ಅಪ್ಪ ಮತ್ತೆ ಅದನ್ನು ಅಲ್ಲೇ ಸಿಕ್ಕಿಸುತ್ತಿದ್ದ. ಪರೀಕ್ಷೆ ಹತ್ತಿರ ಬಂದಂತೆ ಎರಡೂ ಕಲಸಿ, ಒಂದು ದಿನ ಕ್ಲಾಸಿನಲ್ಲಿ ನರ ಬಾಚುವ ಮಾತು ಅವಳ ಬಾಯಿಂದ ಮತ್ತೆ ಹೊರಬಿತ್ತು. ಗೆಳತಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಮಾತ್ರ ಪುಸ್ತಕ ತೆಗೆದು ಆ ಪುಟ ಹುಡುಕಿದಳು. ಈ ಸಲವೂ ಹೋದರೆ ಕೋರ್ಸೇ ಹೋಯಿತು.

"ಹೇಳಿಬಿಡೇ," ಎಂದಳು ಅಮ್ಮ. ಅಮ್ಮನಿಗೆ ಯಾರೂ ಏನೂ ಹೇಳಿರಲಿಲ್ಲ. ಬಟ್ಟೆ ಮಡಿಸುವಾಗ ಮಗಳ ಪುಸ್ತಕದ ಚಿತ್ರಗಳನ್ನು ನೋಡಿದ್ದಳು, ಪಕ್ಕದ ಬರಹ ಓದಿದ್ದಳು, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೂ ಇದ್ದಳು.

"ನೀನೇ ಹೇಳಮ್ಮ."

"ನಾನಾ? ನಾನು ಹೇಳಿದರೆ ಜಗಳ ಆಗುತ್ತೆ. ಜಗಳದಲ್ಲಿ ಅವರು ಗೆಲ್ತಾರೆ. ಆಮೇಲೆ ಅದೇ ನಿಜ ಅಂತ ಆಗಿಬಿಡುತ್ತೆ."

"ಅಂಗಡಿ ಮುಚ್ಚಿಕೊಂಡು ಬರ್ತಾನಮ್ಮ. ಮುಖ ತೊಳೆದುಕೊಂಡು, ತಲೆ ಬಾಚಿಕೊಂಡು ಬರ್ತಾನೆ ಪಾಠಕ್ಕೆ. ನೋಡಿದ್ದೀಯ?"

"ನೋಡಿದ್ದೀನಿ," ಎಂದಳು ಅಮ್ಮ. "ನನ್ನನ್ನ ನೋಡೋಕೆ ಬಂದಾಗಲೂ ಇಷ್ಟು ನೀಟಾಗಿ ಬಾಚಿರಲಿಲ್ಲ."

ಪರೀಕ್ಷೆಯ ಹಿಂದಿನ ದಿನ ಚಿಮಟಿ ಮಧ್ಯಾಹ್ನವೇ ಮನೆಗೆ ಬಂದಳು. ಅವಳು ಕಲಿಯುತ್ತಿದ್ದ ಆಸ್ಪತ್ರೆಯಿಂದಲೇ ಬಂದ ಒಂದು ಪೆಟ್ಟಿಗೆ ಮೇಜಿನ ಮೇಲಿತ್ತು. ಒಳಗಿದ್ದದ್ದು ಉದ್ದನೆಯ, ತೆಳುವಾದ ಅಲಗುಗಳ ಇಕ್ಕಳಗಳು. ಕೀಲುಗಳು ಬಿಗಿಯಾಗಿವೆ, ಬಿಡಿಸಿ ಎಣ್ಣೆ ಹಾಕಿ ಎಂದು ಹೇಳಿ ಕಳಿಸಿದ್ದರು. ಅಪ್ಪ ಅಷ್ಟಕ್ಕೇ ಬಿಡುವ ಜಾಯಮಾನದವನಲ್ಲ. ಕೇಳಿದ್ದಕ್ಕಿಂತ ಒಂದು ಹಿಡಿ ಹೆಚ್ಚು ಕೆಲಸ ಮಾಡದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

"ಬಾ, ಬಾ. ಒಂದು ಮೋಸ ತೋರಿಸ್ತೀನಿ," ಎಂದು ಅವನು ಒಂದನ್ನು ಮುಚ್ಚಿ ಕಿಟಕಿಯ ಬೆಳಕಿಗೆ ಹಿಡಿದ. "ನೋಡು. ತುದಿ ತುದಿ ಕೂಡ್ತವೆ. ನಡುವೆ?"

ನಡುವೆ ಅಕ್ಕಿಕಾಳು ತೂರುವಷ್ಟು ಸಂದಿತ್ತು. ಬೆಳಕು ಅದರೊಳಗಿಂದ ಸಣ್ಣ ದೋಣಿಯ ಹಾಗೆ ಕಾಣುತ್ತಿತ್ತು.

"ಎಲ್ಲವೂ ಹೀಗೇ ಬಾಗಿದ್ದವು. ಹೊಸ ಮಾಲು, ಕಂಪನಿಯವರೇ ಹೀಗೆ ಕಳಿಸಿದ್ದಾರೆ, ಕಾಲ ಕೆಟ್ಟುಹೋಯ್ತು. ಅಲಗು ಪೂರ್ತಿ ಕೂಡದಿದ್ದರೆ ಹಿಡಿತ ಎಲ್ಲಿಂದ ಬರಬೇಕು? ಎಲ್ಲ ತಟ್ಟಿ ನೆಟ್ಟಗೆ ಮಾಡಿದ್ದೀನಿ. ಇದೊಂದೇ ಬಾಕಿ." ಮೇಜಿನ ಇನ್ನೊಂದು ಬದಿಯಲ್ಲಿ ಮುಗಿದವು ಸಾಲಾಗಿ ಮಲಗಿದ್ದವು. ಅಮ್ಮ ಕೊಟ್ಟ ಹೊಳಪಿಗೆ ಕಣ್ಣು ಕುಕ್ಕುತ್ತಿತ್ತು.

ಚಿಮಟಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಸಂದಿಲ್ಲ. ಅಲಗಿಗೆ ಅಲಗು ಗೋಡೆಗೆ ಗೋಡೆಯಂತೆ ಕೂತಿತ್ತು. ಅಂಥ ಚೊಕ್ಕ ಕೆಲಸವನ್ನು ನೋಡಿ ಅವಳ ಎದೆ ಧಸಕ್ಕೆಂದಿತು.

ಇದು ಕರುಳಿನ ಕ್ಲ್ಯಾಂಪ್. ಪುಸ್ತಕದಲ್ಲಿ ಓದಿದ್ದಷ್ಟೇ ಅಲ್ಲ, ಕಣ್ಣಾರೆ ಕಂಡಿದ್ದಳು. ಥಿಯೇಟರಿನ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಾಗ, ಸರ್ಜನ್ ಗುಲಾಬಿ ಬಣ್ಣದ ಒದ್ದೆ ಕರುಳನ್ನು ಇಂಥದ್ದರಲ್ಲಿ ಹಿಡಿದಿದ್ದರು. ಒಳಗಿನದು ಹೊರಗೆ ಚೆಲ್ಲದಷ್ಟು ಮಾತ್ರ ಹಿಡಿಯಬೇಕು, ಅದರ ಗೋಡೆಯಲ್ಲಿ ಓಡುವ ರಕ್ತ ನಿಲ್ಲಬಾರದು. "ನಿದ್ದೆ ಮಾಡೋ ಮಗುವಿನ ಕೈ ಹಿಡೀತೀವಲ್ಲ, ಹಾಗೆ," ಎಂದಿದ್ದರು ಅವರು, ಯಾರಿಗೋ ಅಲ್ಲ, ತಮಗೇ ಎಂಬಂತೆ. ಬಿಗಿಯಾಗಿ ಹಿಡಿದರೆ ಆ ಜಾಗ ಕಪ್ಪಾಗಿ ಸಾಯುತ್ತದೆ.

"ಇವು ಯಾವಾಗ ಹೋಗಬೇಕಪ್ಪ?"

"ನಾಳೆ. ನೀನು ಪರೀಕ್ಷೆಗೆ ಹೋಗೋವಾಗಲೇ ಕೊಂಡೊಯ್ಯಿ ಅನ್ನೋಣ ಅಂದುಕೊಂಡಿದ್ದೆ. ಬೇಡ, ನಾನೇ ತರ್ತೀನಿ, ನಿನಗೆ ಭಾರ." ಅವನು ಆಗಲೇ ಕಡೆಯದನ್ನು ಮರದ ದಿಮ್ಮಿಯ ಮೇಲಿಟ್ಟು ಸುತ್ತಿಗೆಗೆ ಕೈ ಚಾಚಿದ್ದ.

"ಅದನ್ನ ತಟ್ಟಬೇಡ."

"ಯಾಕೆ?"

"ಇದು ಕರುಳು ಹಿಡಿಯೋದು, ಅಪ್ಪ."

ಅಪ್ಪ ಒಂದು ಗಳಿಗೆ ಆಲೋಚಿಸಿದ. ಅದೇ ಹಳೆಯ ಸುಖ ಅವನ ಮುಖದಲ್ಲಿ ಮೂಡುವುದನ್ನು ಅವಳು ಕಂಡಳು. "ಕರುಳಾದರೆ ಇನ್ನೂ ಬಿಗಿ ಬೇಕಲ್ಲ! ಜಾರೋ ಪದಾರ್ಥ ಅದು. ಸೋಪು ಹಿಡಿದ ಹಾಗೆ. ಅದರ ಮುಖ ನೋಡು ಚಿಮಟಿ, ಅದೇ ಹೇಳ್ತಿದೆ..."

"ಅದು ಹೇಳ್ತಿಲ್ಲಪ್ಪ, ನೀನು ಹೇಳ್ತಿದ್ದೀಯ."

ಮಾತು ಅವಳೆಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಪಾಲಿಷ್ ಚಕ್ರ ಗುಂಯ್‌ಗುಡುವುದು ನಿಂತಿತು. ಅಮ್ಮ ಸ್ವಿಚ್ ಆರಿಸಿದ್ದಳು.

ವಾದ ಮಾಡಿದರೆ ಅಪ್ಪ ಗೆಲ್ಲುತ್ತಾನೆ. ಚಿಮಟಿ ವಾದ ಮಾಡಲಿಲ್ಲ. ಅವನ ಮುಂದಿನಿಂದ ತಟ್ಟದೆ ಉಳಿದಿದ್ದ ಕ್ಲ್ಯಾಂಪನ್ನು ಎಳೆದುಕೊಂಡಳು. ಎಡಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮೆತ್ತನೆಯ ಚರ್ಮವನ್ನು ಅದರ ಬಾಯಿಗೆ ಕೊಟ್ಟು ಕಚಕ್ಕನೆ ಲಾಕು ಹಾಕಿದಳು. ಆಮೇಲೆ ಅಪ್ಪ ನೆಟ್ಟಗೆ ಮಾಡಿದ್ದ ಒಂದನ್ನು ಹಲ್ಲಿನಲ್ಲಿ ಹಿಡಿದು ಬಲಗೈಗೂ ಹಾಗೇ ಸಿಕ್ಕಿಸಿ, ಮೊಣಕೈಯಿಂದ ಮೇಜಿಗೆ ಒತ್ತಿ ಲಾಕು ಮಾಡಿದಳು. ಎರಡು ಕೈಯಲ್ಲೂ ಎರಡು ಇಕ್ಕಳ ತೂಗಾಡುತ್ತ, ಏಡಿಗಳು ಕಚ್ಚಿಕೊಂಡವಳ ಹಾಗೆ ಅವನ ಮುಂದೆ ನಿಂತಳು.

"ಏನೇ ಇದು ಹುಚ್ಚು!"

"ಇರು."

ಎಡಗೈ ಸುಮ್ಮನಿತ್ತು. ಬಲಗೈಯಲ್ಲಿ ನೋವು ಮೊದಲು ಚುರುಗುಟ್ಟಿ, ಆಮೇಲೆ ಬಿಸಿಯಾಗಿ, ಮೊಣಕೈಯವರೆಗೂ ಏರಿತು. ಅವಳ ಕಣ್ಣಲ್ಲಿ ನೀರು ತುಂಬಿತು. ಅಲಗಿನಿಂದಾಚೆ ಉಳಿದ ಚರ್ಮದ ಅಂಚು ಬಿಳಿಚಿ, ಮೇಣದ ಹಾಗಾಯಿತು.

"ಬಿಡು! ಬಿಡೇ ಅದನ್ನ!" ಅಪ್ಪ ಮೇಜು ಸುತ್ತಿ ಓಡಿಬಂದ. ಲಕ್ಷಗಟ್ಟಲೆ ಸಲ ಲಾಕು ಬಿಡಿಸಿದ ಆ ಬೆರಳುಗಳು ಈಗ ತಡವರಿಸಿದವು. ಒಂದು ಬಿಚ್ಚಿತು, ಇನ್ನೊಂದೂ ಬಿಚ್ಚಿತು. ಅವನು ಅವಳ ಎರಡೂ ಕೈಯನ್ನು ಕಿಟಕಿಯ ಬೆಳಕಿಗೆ ಎಳೆದು, ಉಪಕರಣ ನೋಡುವಂತೆಯೇ ಕಣ್ಣು ಕಿರಿದು ಮಾಡಿ ನೋಡಿದ.

ಎಡಗೈಯ ಮೇಲೆ ತೆಳ್ಳನೆಯ ಗೆರೆಗಳಿದ್ದವು. ದಿಂಬಿನ ಮಡಿಕೆ ಕೆನ್ನೆಯ ಮೇಲೆ ಮೂಡಿದಂಥವು. ಅವರು ನೋಡುತ್ತಿದ್ದಂತೆಯೇ ಮಾಸತೊಡಗಿದವು. ಬಲಗೈಯ ಮೇಲೆ ಅಲಗಿನಗಲದ ಕಪ್ಪು ಕೆಂಪು ಪಟ್ಟಿ. ಅದು ಮಾಸಲಿಲ್ಲ. ಇನ್ನೂ ಕಡುವಾಯಿತು.

"ಬಾಗಿರೋದಲ್ಲಪ್ಪ ಅದು," ಎಂದಳು ಚಿಮಟಿ ಮೂಗೆಳೆದುಕೊಂಡು. "ಬೇಕೂಂತಲೇ ಹಾಗೆ ಮಾಡಿರೋದು. ಮೆತ್ತಗೆ ಹಿಡೀಲಿ ಅಂತ."

ಅಪ್ಪ ಆ ಪಟ್ಟಿಯ ಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜುತ್ತಿದ್ದ, ಉಜ್ಜಿದರೆ ಹೋಗುವ ತುಕ್ಕೇನೋ ಎಂಬಂತೆ.

"ಆ ನರ್ಸಿಂಗ್ ಹೋಮಿನವರು ಒಂದು ಸಲ ಇಂಥದ್ದೇ ವಾಪಸ್ ಕಳಿಸಿದ್ದರು," ಎಂದ ಕೊನೆಗೆ. "ಬಿಗಿ ಜಾಸ್ತಿ ಆಗಿದೆ, ಬಳಸೋಕಾಗಲ್ಲ ಅಂತ. ನಾನು ಅವರಿಗೆ ಕೆಲಸ ಗೊತ್ತಿಲ್ಲ ಅಂದೆ. ನಿಮ್ಮಮ್ಮನ ಮುಂದೆ ಆಡಿಕೊಂಡು ನಕ್ಕೆ."

"ನಕ್ಕಿದ್ದು ನಿಜ," ಎಂದಳು ಅಮ್ಮ. ಆದರೆ ಚುಚ್ಚುವ ದನಿಯಲ್ಲಲ್ಲ. ಒಳಗೆ ಹೋಗಿ ಒದ್ದೆ ಬಟ್ಟೆ ತಂದು ಮಗಳ ಕೈಗೆ ಸುತ್ತಿದಳು.

ಅಪ್ಪ ಸ್ಟೂಲಿನ ಮೇಲೆ ಕೂತ. ಮೇಜಿನ ಆ ಬದಿಯ ಹೊಳೆಯುವ ಸಾಲನ್ನು ನೋಡಿದ. ಆಮೇಲೆ ಪಾಠದ ಹಸಿರು ಬಟ್ಟೆಯನ್ನು, ಅದರ ಮೇಲೆ ಸಾಯಂಕಾಲಕ್ಕೆಂದು ಆಗಲೇ ಜೋಡಿಸಿಟ್ಟಿದ್ದ ಉಪಕರಣಗಳನ್ನು ನೋಡಿದ. ಅವನ ತಲೆಯೊಳಗೆ ಏನೋ ಒಂದೊಂದಾಗಿ ಬೀಳುತ್ತಿರುವುದು ಚಿಮಟಿಗೆ ಕೇಳಿಸುವಂತಿತ್ತು.

"ಬೇರೆ ಯಾವುದಾದರೂ ತಪ್ಪು ಹೇಳಿಕೊಟ್ಟಿದ್ದೀನಾ?"

ಚಿಮಟಿ ಅಮ್ಮನ ಕಡೆ ನೋಡಿದಳು. ಅಮ್ಮ ಚಾವಣಿ ನೋಡಿದಳು.

"ಒಂದೆರಡು," ಎಂದಳು ಚಿಮಟಿ.

ಅಷ್ಟು ಹೊತ್ತು ತಡೆದಿದ್ದ ಅಮ್ಮನಿಗೆ ಇನ್ನು ಆಗಲಿಲ್ಲ. "ಒಂದೆರಡಾ!" ಎಂದು ಸ್ಫೋಟಿಸಿದವಳೇ ನೆಲದ ಮೇಲೆ ಕುಕ್ಕರಿಸಿ ನಗತೊಡಗಿದಳು. ನಗುವಿನ ನಡುವೆ ಟಾನ್ಸಿಲ್ ಎಂದಳು, ಕಿವಿ ಎಂದಳು, ಬಾಚಣಿಗೆ ಎನ್ನಲು ಹೋಗಿ ಉಸಿರು ಸಿಕ್ಕಿಕೊಂಡು ಕೆಮ್ಮಿದಳು.

"ಕಿವಿಯೂ ಅಲ್ವಾ?" ಎಂದ ಅಪ್ಪ ದೈನ್ಯದಿಂದ.

"ಬಟ್ಟೆ ಕಚ್ಚಿಸೋದಪ್ಪ ಅದು. ಬಟ್ಟೆ ಒಣಹಾಕೋ ಕ್ಲಿಪ್ ಇರುತ್ತಲ್ಲ, ಅದರ ಅಣ್ಣ."

"ಕಿಡ್ನಿ ಟ್ರೇ? ಅದಾದರೂ..."

"ಏನು ಬೇಕಾದರೂ ಇಡಬಹುದು ಅದರಲ್ಲಿ. ಮೈಗೆ ಒತ್ತಿ ಹಿಡಿಯೋಕೆ ಅನುಕೂಲ ಆಗಲಿ ಅಂತ ಆ ಆಕಾರ."

ಅಪ್ಪ ತಲೆಯಾಡಿಸಿದ. ಇನ್ನೊಂದು ಪ್ರಶ್ನೆ ಬರುತ್ತಿದೆಯೆಂದು ಅವಳಿಗೆ ಗೊತ್ತಾಯಿತು, ಅದಕ್ಕೆ ಉತ್ತರ ಹೇಳದೆ ಇರಲಾರೆನೆಂಬುದೂ ಗೊತ್ತಾಯಿತು.

"ಹಾಗಾದರೆ ಆವತ್ತು ನೀನು ಮರೆತಿರಲಿಲ್ಲ."

"ಇಲ್ಲ."

"ನಾನು ಹೇಳಿದ್ದನ್ನೇ ಹೇಳಿಬಿಟ್ಟೆ."

"ಹೂಂ."

"ನನ್ನಿಂದ ಫೇಲಾಗಿ, ಮತ್ತೆ ನನ್ನ ಹತ್ತಿರಾನೇ ಪಾಠಕ್ಕೆ ಕೂತೆಯಾ? ದಿನಾ ದಿನಾ? ಗೊತ್ತಿದ್ದೂ ಗೊತ್ತಿದ್ದೂ?" ತಪ್ಪು ಹೇಳಿಕೊಟ್ಟದ್ದಕ್ಕಿಂತ ಇದು ಅವನಿಗೆ ಹೆಚ್ಚು ನಾಟಿತ್ತು. "ಯಾಕೆ ಹೇಳಲಿಲ್ಲ? ನಾನೇನು ಹುಲಿಯಾ?"

"ನೀನು ಅಂಗಡಿ ಬೇಗ ಮುಚ್ಚಿ ಬರ್ತಿದ್ದೆಯಲ್ಲ," ಎಂದಳು ಚಿಮಟಿ. ಬೇರೆ ಕಾರಣಗಳೂ ಇದ್ದವು. ಬಾಯಿಗೆ ಬಂದದ್ದು ಇದೊಂದೇ. "ನನಗೂ ಇಷ್ಟ ಆಗ್ತಿತ್ತು."

ಅಪ್ಪ ಎದ್ದು ಬಾಗಿಲ ಬಳಿ ಹೋಗಿ ಬೀದಿ ನೋಡುತ್ತ ನಿಂತ. ಪಕ್ಕದ ಸೈಕಲ್ಲಿನವನು ಏನೋ ಕೇಳಿದ್ದಕ್ಕೆ, "ಹೊಗೆ, ಕಣ್ಣಿಗೆ ಹೊಗೆ," ಎಂದದ್ದು ಒಳಗೆ ಕೇಳಿಸಿತು. ಬೀದಿಯಲ್ಲಿ ಎಲ್ಲೂ ಹೊಗೆ ಇರಲಿಲ್ಲ.

ತಿರುಗಿ ಬಂದವನು ಮರದ ಸುತ್ತಿಗೆ ಎತ್ತಿಕೊಂಡ. "ಬಾ, ಕೂತುಕೋ ಇಲ್ಲಿ. ಆ ಒಳ್ಳೇದನ್ನ ಕೈಯಲ್ಲಿ ಹಿಡ್ಕೋ. ಒಂದೊಂದೇ ಬಾಗಿಸ್ತೀನಿ, ಎರಡನ್ನೂ ಪಕ್ಕ ಪಕ್ಕ ಬೆಳಕಿಗೆ ಹಿಡಿದು ನೀನು ಹೇಳಬೇಕು. ಸಂದು ಒಂದು ಎಳೆ ಹೆಚ್ಚು ಕಡಿಮೆ ಆದರೂ ಬಿಡಬೇಡ."

ನೆಟ್ಟಗೆ ಮಾಡುವುದಕ್ಕಿಂತ ಬಾಗಿಸುವುದು ಕಷ್ಟ. ಅಪ್ಪ ಸುತ್ತಿಗೆಯಿಂದ ತಟ್ಟುತ್ತಿರಲಿಲ್ಲ, ಮುಟ್ಟುತ್ತಿದ್ದ. "ಇನ್ನೂ," ಎನ್ನುತ್ತಿದ್ದಳು ಚಿಮಟಿ, ಒಂದು ಕಣ್ಣು ಮುಚ್ಚಿಕೊಂಡು. "ಇನ್ನೊಂದು ಚೂರು. ಜಾಸ್ತಿ ಆಯ್ತು." ಅವನು ಮರುಮಾತಾಡದೆ ಮತ್ತೆ ದಿಮ್ಮಿಯ ಮೇಲಿಡುತ್ತಿದ್ದ. ಮುಗಿದ ಪ್ರತಿಯೊಂದನ್ನೂ, ಅವಳು ಬೇಡವೆಂದರೂ ಕೇಳದೆ, ತನ್ನ ಕೈಯ ಚರ್ಮಕ್ಕೆ ಕಚ್ಚಿಸಿ ನೋಡಿದ. ಸಂಜೆಯ ಹೊತ್ತಿಗೆ ಅವನ ಹೆಬ್ಬೆರಳಿನ ಬುಡದಲ್ಲಿ ಗೆರೆಗಳ ಮೇಲೆ ಗೆರೆ ಮೂಡಿ, ಎಲ್ಲವೂ ಮಾಸುತ್ತಿದ್ದವು. ಕ್ಲ್ಯಾಂಪುಗಳಲ್ಲಿ ಒಂದನ್ನು ಮಾತ್ರ ಪಕ್ಕಕ್ಕಿಟ್ಟ. ಅಲಗಿನ ಸ್ಪ್ರಿಂಗೇ ಸತ್ತಿದೆ, ಇನ್ನು ಸರಿಹೋಗದು, ಬೇರೆಯದು ತಂದುಕೊಡುತ್ತೇನೆಂದು ನಾನೇ ಅವರಿಗೆ ಹೇಳುತ್ತೇನೆ ಎಂದ. ಅಂಥ ಮಾತು ಅವನ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು.

ಆ ಸಾಯಂಕಾಲ ಪಾಠ ನಡೆಯಲಿಲ್ಲ. ಅಪ್ಪ ಹಸಿರು ಬಟ್ಟೆಯನ್ನು ಮಡಿಸಿ ಅಮ್ಮನಿಗೆ ಕೊಟ್ಟು, "ಓದಿಕೋ ಹೋಗು, ನಿನ್ನ ಪುಸ್ತಕ," ಎಂದ. ಚಿಮಟಿ ಒಳಗೆ ಕೂತು ಓದಿದಳು. ವಿಚಿತ್ರವೆಂದರೆ ಓದಿದ್ದು ಓದಿದ ಕಡೆಯೇ ಕೂತಿತು. ಯಾರಿಗೂ ಏನನ್ನೂ ಮುಚ್ಚಿಡುವ ಕೆಲಸವಿಲ್ಲದ ತಲೆಯಲ್ಲಿ ಎಷ್ಟೊಂದು ಜಾಗ.

ವೈವಾದಲ್ಲಿ ದೊಡ್ಡ ಸಿಸ್ಟರ್ ಅವಳನ್ನು ಕಂಡದ್ದೇ, ಈ ಸಲ ಏನು ಕಾದಿದೆಯೋ ಎಂಬಂತೆ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಒಂದೊಂದಾಗಿ ಎತ್ತಿದರು. ಚಿಮಟಿ ಒಂದೊಂದಾಗಿ ಹೇಳಿದಳು. ಅಪ್ಪನ ಉತ್ತರಗಳೇನೂ ಎಲ್ಲಿಗೂ ಹೋಗಿರಲಿಲ್ಲ. ಪ್ರತಿ ಸಲವೂ ಮೊದಲು ಅವೇ ಬಂದು ನಾಲಿಗೆಯ ತುದಿಯಲ್ಲಿ ನಿಂತು ಮುಖ ತೋರಿಸುತ್ತಿದ್ದವು. ಅವುಗಳನ್ನು ಕಂಡು ಈಗ ಅವಳಿಗೆ ಗಾಬರಿಯಾಗಲಿಲ್ಲ. ಸರಿದು ದಾರಿ ಬಿಡಿ ಎಂದರೆ ಸರಿಯುತ್ತಿದ್ದವು. ಯಾವುದೋ ಎಲುಬಿನ ಉಪಕರಣವೊಂದು ಅವಳಿಗೆ ನಿಜವಾಗಿಯೂ ತಿಳಿದಿರಲಿಲ್ಲ. ತಿಳಿಯದು ಎಂದಳು. ಸಿಸ್ಟರ್ ಮುಂದಿನದನ್ನೆತ್ತಿದರು.

ಊಟದ ನಂತರ ಫಲಿತಾಂಶ ಹೇಳಿದರು. ಪಾಸು.

ಚಿಮಟಿ ಮೆಟ್ಟಿಲನ್ನು ಎರಡೆರಡು ಹಾರುತ್ತ ಕೆಳಗೆ ಬಂದಳು. ಮನೆಗೆ ಫೋನು ಹಚ್ಚಿದರೆ ಅಮ್ಮ ಎತ್ತಿ, "ಅವರು ಆಗಲೇ ಪೆಟ್ಟಿಗೆ ಹೊತ್ತುಕೊಂಡು ನಿನ್ನ ಆಸ್ಪತ್ರೆಗೆ ಬಂದರಲ್ಲೇ! ಏನಾಯ್ತು, ಹೇಳು," ಎಂದಳು. ಹೇಳಿದಳು. ಅಮ್ಮ ಕಿವಿ ತೂತಾಗುವಂತೆ ಕೂಗಿಕೊಂಡಳು.

ಥಿಯೇಟರಿನ ಸ್ಟೋರು ಕೆಳಗಿನ ಕಾರಿಡಾರಿನ ಕೊನೆಯಲ್ಲಿತ್ತು. ಸಾಮಾನು ಕೊಡಲು, ತೆಗೆದುಕೊಳ್ಳಲು ಗೋಡೆಯಲ್ಲೊಂದು ಕಿಟಕಿ. ಆ ಕಿಟಕಿಯ ಮುಂದೆ ಅಪ್ಪ ನಿಂತಿದ್ದ, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಅವನ ಹಿಂದೆ ಔಷಧಿಯ ಡಬ್ಬಗಳನ್ನು ಹೊತ್ತ ಒಬ್ಬ, ಬಟ್ಟೆಯ ಗಂಟು ತಳ್ಳಿಕೊಂಡು ಬಂದ ಇನ್ನೊಬ್ಬ, ಇಬ್ಬರೂ ಕಾಲು ಬದಲಿಸುತ್ತ ನಿಂತಿದ್ದರು. ಕಿಟಕಿಯ ಒಳಗಿನ ಸಿಸ್ಟರ್ ಮುಂದೆ ಒಂದು ತಟ್ಟೆ ತುಂಬ ಉಪಕರಣ.

"ಆಯ್ತು, ಅದು ತಿಳೀತು," ಎನ್ನುತ್ತಿದ್ದ ಅಪ್ಪ. "ಈಗ ಇದು. ಈ ಕೊಕ್ಕಿನ ಥರ ಇದೆಯಲ್ಲ, ಇದನ್ನ ನೀವು ಯಾತಕ್ಕೆ ಬಳಸ್ತೀರಿ?"

"ಅಯ್ಯೋ ಯಜಮಾನ್ರೇ, ಆಗಲೇ ಎಷ್ಟು ಹೇಳಿದೆ! ನಿಮಗೆ ಯಾಕಿದೆಲ್ಲ?"

"ನಾಳೆ ಇದು ನನ್ನ ಹತ್ತಿರ ಕಾಯಿಲೆ ಅಂತ ಬರುತ್ತಲ್ಲಮ್ಮ. ಏನು ಕೆಲಸ ಮಾಡೋದು ಅಂತ ತಿಳೀದೆ ಔಷಧಿ ಕೊಡೋದು ಹೆಂಗೆ?"

ಸಿಸ್ಟರ್ ನಕ್ಕು, ಅದನ್ನೆತ್ತಿ ವಿವರಿಸತೊಡಗಿದಳು. ಅಪ್ಪ ಕತ್ತು ಮುಂದಕ್ಕೆ ಚಾಚಿ, ಬಾಯಿ ಸ್ವಲ್ಪ ತೆರೆದು ಕೇಳುತ್ತಿದ್ದ. ಚಿಮಟಿಯ ಕಾಲ ಸಪ್ಪಳಕ್ಕೆ ತಿರುಗಿದವನು ಅವಳ ಮುಖವನ್ನು ಒಂದು ಸಲ ನೋಡಿದ. ಅಷ್ಟರಲ್ಲೇ ಅವನಿಗೆ ಬೇಕಾದ್ದು ಸಿಕ್ಕಿತೆಂದು ತೋರುತ್ತದೆ. ಕಣ್ಣು ಒದ್ದೆಯಾಗಿ ಹೊಳೆಯಿತು. ಆದರೂ ಕೈಯೆತ್ತಿ ಅವಳನ್ನು ತಡೆದ.

"ಸ್ವಲ್ಪ ನಿಲ್ಲೇ, ನಡುವೆ ಬಾಯಿ ಹಾಕಬೇಡ. ಇನ್ನೂ ಅರ್ಧ ತಟ್ಟೆ ಬಾಕಿ ಇದೆ," ಎಂದು ಮತ್ತೆ ಕಿಟಕಿಗೆ ತಿರುಗಿದ. "ಹೂಂ, ಹೇಳಿ ಸಿಸ್ಟರ್. ಆಮೇಲೆ?"

ಚಿಮಟಿ ಪಾಸಾದ ಸುದ್ದಿಯನ್ನು ಬಾಯಲ್ಲಿಟ್ಟುಕೊಂಡು, ಬಟ್ಟೆಯ ಗಂಟಿನವನ ಹಿಂದೆ ಸರದಿಯಲ್ಲಿ ನಿಂತಳು.